ಪದ ಬೇಕಿದೆ: ಲ್ಯಾಬ್ ರಿಪೋರ್ಟಿನ ‘ನೆಗೆಟಿವ್’ (ತುರ್ತು)

ಅನುವಾದಕಿ, ಬೆಂಗಳೂರು:
ಒಂದು ಆಸ್ಪತ್ರೆಯ ಪೇಶೆಂಟ್ ಪೋರ್ಟಲ್ ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅದನ್ನು ಜನರ ಬಳಕೆಗೆ ಬಿಡುತ್ತಾರೆ. ಏಜೆನ್ಸಿ ಕೊಟ್ಟ ಪದಪಟ್ಟಿಯಲ್ಲಿ ನೆಗೆಟಿವ್‌ಗೆ ‘ಋಣಾತ್ಮಕ’ ಅಂತಿದೆ. ನಮ್ಮ ಅತ್ತೆಗೆ ಕಣ್ಣು ಮಂಜು, ಫೋನೇ ಓದಿ ಹೇಳಬೇಕು. ‘ಡೆಂಗಿ ಎನ್‌ಎಸ್1: ಋಣಾತ್ಮಕ’ (ಎನ್‌ಎಸ್1 ಅಂದರೆ ರಕ್ತದಲ್ಲಿ ಹುಡುಕುವ ಡೆಂಗಿ ವೈರಸ್ಸಿನ ಪ್ರೋಟೀನು) ಅಂತ ಅದು ಓದಿದ್ದೇ ತಡ, “ಯಾರ ಋಣ ತೀರಿತೇ?” ಅಂದರು. ‘ನಕಾರಾತ್ಮಕ’ ಹಾಕಿ ಕೇಳಿಸಿದೆ, ಮುಖ ಇನ್ನೂ ಸಣ್ಣದಾಯಿತು. ಪರದೆ ಮೇಲೆ ಹಸಿರು ಚುಕ್ಕೆ ಇದೆ ನಿಜ, ಆದರೆ ಚುಕ್ಕೆಯ ಬಣ್ಣವನ್ನು ಫೋನು ಓದುವುದಿಲ್ಲ. ಕೆಂಪು, ಹಸಿರು ಬೇರೆ ಬೇರೆ ಕಾಣದವರೂ ಇದ್ದಾರೆ. ಪದವೇ ಕೆಲಸ ಮಾಡಬೇಕು.

ನಿವೃತ್ತ ಗಣಿತದ ಮೇಷ್ಟ್ರು:
‘ಋಣ’ಕ್ಕೆ ಏನಾಗಿದೆ? ಬ್ರಹ್ಮಗುಪ್ತ 628ರಲ್ಲೇ ಧನ, ಋಣ ಎಂದು ಹೆಸರಿಟ್ಟು ಕೂಡುವ, ಕಳೆಯುವ ನಿಯಮ ಬರೆದ. ಆಸ್ತಿ ಧನ, ಸಾಲ ಋಣ. ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕು? ಶಾಲೆಯ ಮಕ್ಕಳಿಗೆ ತಿಳಿಯುವುದು ರೋಗಿಗೆ ತಿಳಿಯದೆ?

ಅನುವಾದಕಿ:
ಸಾರ್, ಡೆಂಗಿ ಲೆಕ್ಕದ ಪ್ರಶ್ನೆಯಲ್ಲ.

ಎಲ್ಲರನುಡಿ:
ಸಕ್ಕದದ ಒರೆ ಬಿಟ್ಟರೆ ತೊಂದರೆಯೇ ಇಲ್ಲ. ‘ಬೇನೆಯಿಲ್ಲ’ ಎಂದು ಹಾಕಿ, ಹಳ್ಳಿಯ ಅಜ್ಜಿಗೂ ತಿಳಿಯುತ್ತೆ. ಹಾಗೇ ‘ರೋಗಿ’ ತೆಗೆದು ‘ಬೇನಿಗ’ ಮಾಡಿ.

ನಿವೃತ್ತ ಗಣಿತದ ಮೇಷ್ಟ್ರು:
‘ಬೇನೆ’ ವೇದನೆಯ ತದ್ಭವ. ‘ಸಕ್ಕದ’ ಅನ್ನುವುದೇ ‘ಸಂಸ್ಕೃತ’ದ ತದ್ಭವ. ಮೊದಲು ಸ್ವಂತ ಮನೆ ಗುಡಿಸಿಕೊಳ್ಳಿ.

ಎಲ್ಲರನುಡಿ:
ಕನ್ನಡದ ನಾಲಿಗೆಗೆ ಬಗ್ಗಿತು, ನಮ್ಮದಾಯಿತು. ನಿಮ್ಮ ‘ಋ’ ಇವತ್ತಿಗೂ ಬಗ್ಗಿಲ್ಲ. ‘ರುಣ’ ಅಂತಲೇ ಅಲ್ಲವೇ ನೀವೂ ಅನ್ನೋದು?

ಲ್ಯಾಬ್‌ನವ, ಹುಬ್ಬಳ್ಳಿ:
ಇಬ್ಬರೂ ಸ್ವಲ್ಪ ತಡೀರಿ. ‘ಬೇನೆಯಿಲ್ಲ’ ಅಂತ ಹಾಕಿದ್ರ ಸುಳ್ಳಾಗತೈತಿ. ಎನ್‌ಎಸ್1 ಜ್ವರದ ಮೊದಲ ಐದು ದಿನ ಚಲೋ ಸಿಗತೈತಿ, ಆಮ್ಯಾಲೆ ಐಜಿಎಂ (ರೋಗದ ವಿರುದ್ಧ ಮೈಯಾಗ ಹುಟ್ಟೋ ಪ್ರತಿಕಾಯ) ನೋಡಬೇಕು. ತಡಾ ಮಾಡಿ ಬಂದಾವಂಗ ಎನ್‌ಎಸ್1 ನೆಗೆಟಿವ್ ಬಂದ್ರೂ ಡೆಂಗಿ ಇರಬಹುದು. ಹುಡುಕಿದ್ದು ಸಿಗಲಿಲ್ಲ, ಪರೀಕ್ಷೆ ಹೇಳೋದು ಅಷ್ಟ. ಅದಕ್ಕ ‘ಕಂಡುಬಂದಿಲ್ಲ’ ಬರೋಬ್ಬರಿ. ಆದ್ರ ಒಂದೇ ಪದ ಬಿಡಬ್ಯಾಡ್ರಿ, ರಿಪೋರ್ಟೇ ಕಳದೈತಿ ಅಂತ ಜಗಳಕ್ಕ ಕೌಂಟರಿಗೆ ಬರ್ತಾರ. ಏನು ಕಂಡುಬಂದಿಲ್ಲ ಅನ್ನೋದನ್ನೂ ಬರೀರಿ. ಮತ್ತ ರಕ್ತದ ಗುಂಪಿನ ನೆಗೆಟಿವ್ ಮುಟ್ಟಬ್ಯಾಡ್ರಿ. ಎಲ್ಲಾ ಕಡೆ ಒಮ್ಮೆಲೇ ಬದಲಿಸಿದ್ರ ‘ಒ ಕಂಡುಬಂದಿಲ್ಲ’ ಅಂತ ಆಗತೈತಿ, ಅದು ಹುಡುಗಾಟ ಅಲ್ಲ. ನನ್ನ ಕೇಳಿದ್ರ ನೆಗೆಟಿವ್ ಅಂತನ ಇಡ್ರಿ. 2020ರಾಗ ಎಲ್ಲಾರೂ ಕಲತಾರ.

ಎಲ್ಲರನುಡಿ:
ಕಲಿತಿದ್ದಾರೆ ಅಂತ ಇಂಗ್ಲಿಶನ್ನೇ ಇಡೋದಾದರೆ ಕನ್ನಡದ ಪೋರ್ಟಲ್ ಯಾಕೆ?

ಲ್ಯಾಬ್‌ನವ, ಹುಬ್ಬಳ್ಳಿ:
ನಾವು ‘ದವಾಖಾನಿ’ ಹೊರಗಿಂದ ತಂದೀವಿ, ನೀವು ‘ಆಸ್ಪತ್ರೆ’ ಹೊರಗಿಂದ ತಂದೀರಿ. ಪದಕ್ಕ ಯಾರೂ ಸತ್ತಿಲ್ರಿ.

ನಿವೃತ್ತ ಗಣಿತದ ಮೇಷ್ಟ್ರು:
‘ಆಸ್ಪತ್ರೆ’ಗೆ ‘ಚಿಕಿತ್ಸಾಲಯ’ ಎಂಬ ಸುಂದರ ಪದವಿದೆ.

ಅನುವಾದಕಿ:
ಅದನ್ನು ಆಟೋದವನಿಗೆ ಹೇಳಿ ನೋಡಿ ಸಾರ್. ನಾನು ಹಾಕಿದ್ದು ಹೀಗೆ: ‘ಡೆಂಗಿ ಎನ್‌ಎಸ್1: ನೆಗೆಟಿವ್. ಈ ರಕ್ತದಲ್ಲಿ ಎನ್‌ಎಸ್1 ಕಂಡುಬಂದಿಲ್ಲ. ಜ್ವರ ಇಳಿಯದಿದ್ದರೆ ಡಾಕ್ಟರನ್ನು ಕಾಣಿ.’ ಕೊನೆಯ ವಾಕ್ಯಕ್ಕೆ ಡಾಕ್ಟರರ ಒಪ್ಪಿಗೆ ಕೇಳಿದ್ದೇನೆ. ರಕ್ತದ ಗುಂಪು ಇದ್ದ ಹಾಗೇ ಇದೆ. ಅತ್ತೆಗೆ ಕೇಳಿಸಿದೆ. “ಸರಿ, ಇನ್ನು ಊಟಕ್ಕೆ ಹಾಕು” ಅಂದರು. ‘ಪೆಂಡಿಂಗ್’ ಬಗ್ಗೆಯೂ ಕೇಳುವುದಿತ್ತು, ಧೈರ್ಯ ಸಾಲದೆ ‘ವರದಿ ಇನ್ನೂ ಬಂದಿಲ್ಲ’ ಎಂದು ನಾನೇ ಹಾಕಿಕೊಂಡೆ.

ಎಲ್ಲರನುಡಿ:
‘ವರದಿ’ ಕನ್ನಡದ್ದೇ? ಮರಾಟಿಯ ‘ವರ್ದಿ’ ನೋಡಿ.