ಪದ ಬೇಕು, ಇವತ್ತೇ ಬೇಕು: ಹ್ಯಾಪ್ಲೋಗ್ರೂಪ್‌ಗೆ ಕನ್ನಡದಲ್ಲಿ ಏನು?

ಬಳಗದವರಿಗೆಲ್ಲ ನಮಸ್ಕಾರ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದು ಫ್ಲೆಕ್ಸ್ ಬರೆಯುತ್ತಿದ್ದೇನೆ. ಸಂಜೆ ಆರರೊಳಗೆ ಅಂಗಡಿಗೆ ಬರಹ ಕಳಿಸಬೇಕು. ಜನಸಾಮಾನ್ಯರು ತಮ್ಮ ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡು, ಸಾವಿರಾರು ವರ್ಷ ಹಿಂದಿನ ಹಿರೀಕರ ಜಾಡು ಹಿಡಿಯುವುದು ಅದರ ವಿಷಯ. 2005ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮತ್ತು ಐಬಿಎಂ ಸೇರಿ ಶುರು ಮಾಡಿದ ಜಿನೋಗ್ರಾಫಿಕ್ ಪ್ರಾಜೆಕ್ಟನ್ನು ಉದಾಹರಣೆಯಾಗಿ ಕೊಟ್ಟಿದ್ದೇನೆ. ಜನ ಕಿಟ್ ಕೊಂಡು, ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಉಜ್ಜಿ, ಅಂಚೆಯಲ್ಲಿ ಕಳಿಸುತ್ತಿದ್ದರು. 2019ರಲ್ಲಿ ಕಿಟ್ ಮಾರಾಟ ನಿಂತಿತು. ಈಗ ಬೇರೆ ಬೇರೆ ಕಂಪನಿಗಳು ಇಂಥದ್ದನ್ನೇ ಮಾರುತ್ತಿವೆ.

ಪಕ್ಕದ ಫ್ಲೆಕ್ಸ್ ಆಗಲೇ ತಯಾರಾಗಿದೆ. ಅದರಲ್ಲಿ ನಮ್ಮ ತಾಲ್ಲೂಕಿನ ಕಿಬ್ಬನಹಳ್ಳಿಯಲ್ಲಿ ಸಿಕ್ಕಿದ ಹಳೆ ಶಿಲಾಯುಗದ ಕೈಗೊಡಲಿಗಳಿವೆ. ದಿನಾ ಕೆ.ಬಿ. (ಕಿಬ್ಬನಹಳ್ಳಿ) ಕ್ರಾಸ್‌ನಲ್ಲಿ ಬಸ್ಸು ಹತ್ತುವ ಮಕ್ಕಳು "ನಮ್ಮೂರಲ್ಲಿ ಇಷ್ಟು ಹಳೇದು ಇದೆಯಾ ಮಿಸ್" ಅಂತ ಕಣ್ಣರಳಿಸಿ ನೋಡಿದರು. ಡಿಎನ್‌ಎ ಫ್ಲೆಕ್ಸನ್ನೂ ಅವರು ಹಾಗೇ ಓದಬೇಕು ಅನ್ನೋದು ನನ್ನ ಆಸೆ.

ಸಿಕ್ಕಿಕೊಂಡಿರೋದು ಈ ವಾಕ್ಯದಲ್ಲಿ: "ಈ ಪರೀಕ್ಷೆಯಿಂದ ನಿಮ್ಮ ______ ಯಾವುದು ಎಂದು ತಿಳಿಯುತ್ತದೆ." ಆ ಖಾಲಿ ಜಾಗದಲ್ಲಿ ಹ್ಯಾಪ್ಲೋಗ್ರೂಪ್‌ಗೆ, ಅಂದರೆ ಡಿಎನ್‌ಎಯಲ್ಲಿ ಒಂದೇ ಹಿರೀಕರ ಗುರುತು ಹೊತ್ತವರ ಗುಂಪಿಗೆ, ಪದ ಬೇಕು. ಒಟ್ಟು ಫಲಕದ ತಲೆಬರಹಕ್ಕೂ ಒಂದು ಪದ ಬೇಕು. ನಮ್ಮ ಹೆಡ್‌ಮಾಸ್ಟರು "ಗೋತ್ರ ಅಂತ ಹಾಕಿ, ಎಲ್ಲರಿಗೂ ತಿಳಿಯುತ್ತೆ" ಅನ್ನುತ್ತಾರೆ. ತಲೆಬರಹಕ್ಕೆ "ವಂಶವೃಕ್ಷ" ಅಂತ ಬರೆದಿಟ್ಟಿದ್ದೇನೆ. ಎರಡೂ ಮನಸ್ಸಿಗೆ ಒಪ್ಪುತ್ತಿಲ್ಲ. ದಯವಿಟ್ಟು ಬೇಗ ಹೇಳಿ.

– ಶಿಕ್ಷಕಿ, ತಿಪಟೂರು

———

ಗೋತ್ರ ಬೇಡವೇ ಬೇಡ. ಹ್ಯಾಪ್ಲೋಗ್ರೂಪ್ ಅಂತಲೇ ಬರೆಯಿರಿ. ಅನುವಾದ ಮಾಡಲೇಬೇಕು ಅಂತ ಯಾರು ಹೇಳಿದರು?

– ಕೋಲಾರದಿಂದ

———

> ಹ್ಯಾಪ್ಲೋಗ್ರೂಪ್ ಅಂತಲೇ ಬರೆಯಿರಿ

ಇದು ಉತ್ತರವಲ್ಲ, ನುಣುಚಿಕೊಳ್ಳೋದು. ಎಂಟನೇ ಕ್ಲಾಸಿನ ಹುಡುಗಿಗೆ "ಹ್ಯಾಪ್ಲೋ" ಅಂದರೆ ಏನು ತಿಳಿದೀತು?

ಮೇಡಂ, ನಿಮಗೆ ಬೇಕಾದ ಪದ ಹಳಗನ್ನಡದಲ್ಲೇ ಇದೆ. ಬೞಿ. ಈಗ ನಾವು "ಬಳಿ" ಅಂತ ಬರೆದು "ಹತ್ತಿರ" ಅನ್ನೋ ಅರ್ಥಕ್ಕೆ ಇಳಿಸಿಬಿಟ್ಟಿದ್ದೇವೆ. ಹಿಂದೆ ಅದಕ್ಕೆ ದಾರಿ ಅನ್ನುವ ಅರ್ಥವೂ ಇತ್ತು, ಪೀಳಿಗೆ ಅನ್ನುವ ಅರ್ಥವೂ ಇತ್ತು. ತಮಿಳಿನ "ವೞಿ"ಯಲ್ಲಿ ಇವತ್ತಿಗೂ ಎರಡೂ ಇವೆ. ತುಳುವಿನಲ್ಲಿ ತಾಯಿಯ ಕಡೆಯಿಂದ ಬರುವ ಕುಲಕ್ಕೆ "ಬಳಿ", "ಬರಿ" ಅಂತಲೇ ಹೆಸರು. ಈ ಡಿಎನ್‌ಎ ಪರೀಕ್ಷೆ ಹೇಳೋದಾದರೂ ಏನು? ನಿಮ್ಮ ಪೀಳಿಗೆ ಯಾವುದು, ಅದು ನಡೆದು ಬಂದ ದಾರಿ ಯಾವುದು. ಎರಡನ್ನೂ ಒಂದೇ ಪದ ಹೊತ್ತು ನಿಂತಿದೆ. ಇದಕ್ಕಿಂತ ಒಳ್ಳೇದು ಎಲ್ಲಿ ಸಿಗುತ್ತೆ?

ಇನ್ನೊಂದು ಮಾತು. ಹೆಳವರು ಮನೆಮುಂದೆ ಎತ್ತು ನಿಲ್ಲಿಸಿ ವಂಶಾವಳಿ ಹೇಳುವಾಗ ಬರುತ್ತಿದ್ದದ್ದು ಹೆಚ್ಚಾಗಿ ಗಂಡಸರ ಹೆಸರುಗಳೇ. ನಮ್ಮ ಬಯಲುಸೀಮೆಯ ಮಾತಿನಲ್ಲಿ ತಾಯಿಯ ಸಾಲಿಗೆ ಅಂತ ಗಟ್ಟಿಯಾದ ಪದವೇ ಉಳಿದಿಲ್ಲ. ತುಳುನಾಡಿನಲ್ಲಿ ಉಳಿದಿದೆ. ಅದನ್ನು ನಮ್ಮದೇ ಹಳೆಯ ಪದದ ಜೊತೆ ಕೂಡಿಸಿಕೊಳ್ಳೋಣ. ತಾಯ್ಬಳಿ, ತಂದೆಬಳಿ. ಇಷ್ಟೇ.

– ಮಧುಗಿರಿಯಿಂದ

———

ಸಾರ್, ಫ್ಲೆಕ್ಸ್ ಮೇಲೆ "ನಿಮ್ಮ ತಾಯಿಬಳಿ ಯಾವುದು" ಅಂತ ಬರೆದರೆ ಮಕ್ಕಳು "ತಾಯಿ ಹತ್ತಿರ ಯಾವುದು" ಅಂತ ಓದುತ್ತಾರೆ. ಸಾವಿರ ವರ್ಷದ ಹಿಂದಿನ ಅರ್ಥವನ್ನು ಆರು ಗಂಟೆಯೊಳಗೆ ವಾಪಸ್ ತರೋಕೆ ಆಗಲ್ಲ.

– ಕೋಲಾರದಿಂದ

———

"ತಾಯ್ಬಳಿ" ಅಂತ ಕೂಡಿಸಿ ಬರೆದಿದ್ದೇನೆ. ಕೂಡುಪದ ಓದೋಕೆ ಬಾರದವರಿಗೆ ನಾನು ಏನೂ ಹೇಳಲಾರೆ.

– ಮಧುಗಿರಿಯಿಂದ

———

ಜಗಳ ಆಮೇಲೆ ಆಡೋಣ. ಮೊದಲು ಆ ಪರೀಕ್ಷೆ ಏನು ಹೇಳುತ್ತೆ, ಏನು ಹೇಳಲ್ಲ ಅಂತ ನೋಡಿದರೆ ಪದ ತಾನಾಗೇ ಸಿಗುತ್ತೆ. ನಾನು ಲ್ಯಾಬ್ ಕೆಲಸದವನು, ಡಿಎನ್‌ಎ ಓದುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದೆ. ಅದು ತುಂಬಾ ಚಿಕ್ಕದು, ಮನುಷ್ಯರಲ್ಲಿ ಸುಮಾರು 16,569 ಅಕ್ಷರ. ಅದು ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತೆ. ಮುಂದಕ್ಕೆ ದಾಟಿಸೋದು ಹೆಣ್ಣುಮಕ್ಕಳು ಮಾತ್ರ. ವೈ ವರ್ಣತಂತು (ಕ್ರೋಮೋಸೋಮ್) ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. ಪ್ರತಿ ಸಲ ನಕಲು ಆಗುವಾಗ ಅಪರೂಪಕ್ಕೆ ಒಂದು ಅಕ್ಷರ ಬದಲಾಗುತ್ತೆ. ಯಾವಳೋ ಒಬ್ಬ ತಾಯಿಯಲ್ಲಿ ಹಾಗೆ ಬದಲಾದರೆ, ಅವಳ ಹೆಣ್ಣುಮಕ್ಕಳ ಸಾಲಿನಲ್ಲಿ ಹುಟ್ಟಿದವರೆಲ್ಲ ಆ ಗುರುತನ್ನು ಹೊತ್ತಿರುತ್ತಾರೆ. ಆ ಗುರುತಿನಿಂದ ಬೇರೆಯಾದ ಗುಂಪೇ ಹ್ಯಾಪ್ಲೋಗ್ರೂಪ್. ಅದರೊಳಗೆ ಮತ್ತೆ ಇನ್ನೊಂದು ಅಕ್ಷರ ಬದಲಾದರೆ ಒಳಗುಂಪು. ಅಂದರೆ ಇದು ಕವಲೊಡೆಯುವ ಕಥೆ. ಪದ ಅಲ್ಲೇ ಕೂತಿದೆ, ಅಲ್ವಾ? ಕವಲು. ತಾಯಿ ಕವಲು, ತಂದೆ ಕವಲು. ಕವಲುದಾರಿ ಗೊತ್ತಿಲ್ಲದ ಮಗು ಇಡೀ ತುಮಕೂರು ಜಿಲ್ಲೆಯಲ್ಲಿ ಇಲ್ಲ.

ಈಗ ಗೋತ್ರ ಯಾಕೆ ಬೇಡ ಅಂತ ಹೇಳುತ್ತೇನೆ. ಇದನ್ನು ಹೆಡ್‌ಮಾಸ್ಟರಿಗೆ ತೋರಿಸಿ ಮೇಡಂ. ಮದುವೆಯಾದರೆ ಹೆಣ್ಣಿನ ಗೋತ್ರ ಬದಲಾಗುತ್ತೆ. ಅವಳ ಮೈಟೊಕಾಂಡ್ರಿಯ ಬದಲಾಗಲ್ಲ. ಗೋತ್ರ ಒಂದು ಜಾತಿಯೊಳಗಿನ ವಿಷಯ. ಹ್ಯಾಪ್ಲೋಗ್ರೂಪ್‌ಗೆ ಜಾತಿ ಗೊತ್ತೇ ಇಲ್ಲ. ಆರ್1ಎ ಅನ್ನುವ ತಂದೆ ಕವಲು ಬ್ರಾಹ್ಮಣರಲ್ಲೂ ಇದೆ, ಆಂಧ್ರದ ಚೆಂಚು ಬುಡಕಟ್ಟಿನವರಲ್ಲೂ ಇದೆ, ಪೂರ್ವ ಯುರೋಪಿನವರಲ್ಲೂ ಇದೆ. ಭಾರತದವರ ತಾಯಿ ಕವಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಂ ಅನ್ನುವ ಒಂದೇ ದೊಡ್ಡ ಕವಲಿಗೆ ಸೇರುತ್ತವೆ. ಇಂಥದ್ದಕ್ಕೆ ಗೋತ್ರ ಅಂತ ಹೆಸರಿಟ್ಟರೆ ಮಕ್ಕಳು ಫ್ಲೆಕ್ಸ್ ಮುಂದೆ ನಿಂತು "ನಿಂದು ಯಾವ ಜಾತಿ" ಅಂತ ಶುರು ಮಾಡುತ್ತಾರೆ. ವಿಜ್ಞಾನ ಒಡೆದ ಗೋಡೆಯನ್ನು ನಾವು ಒಂದು ಪದದಿಂದ ಮತ್ತೆ ಕಟ್ಟಬಾರದು. ಕುಲ, ಬೆಡಗು ಇವಕ್ಕೂ ಇದೇ ಮಾತು. ಬೆಡಗು ಅಂದರೆ ಚೆಲುವು ಅಂತಲೂ ಓದುತ್ತಾರೆ.

ತಲೆಬರಹದಲ್ಲಿ "ಮೂಲ" ಅಂತಲೂ ಹಾಕಬೇಡಿ. ಮೂಲ ಅಂದ ಕೂಡಲೇ ಒಂದೇ ಬೇರು ಅನ್ನಿಸುತ್ತೆ. ಲೆಕ್ಕ ಹಾಕಿ ನೋಡಿ: ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬರಿಗೆ 1,024 ಹಿರೀಕರ ಜಾಗ. ತಾಯಿ ಕವಲು ಹೇಳೋದು ಅವರಲ್ಲಿ ಒಬ್ಬಳ ವಿಷಯ. ತಂದೆ ಕವಲು ಇನ್ನೊಬ್ಬನ ವಿಷಯ. ಉಳಿದ 1,022 ಜನರ ಬಗ್ಗೆ ಅವೆರಡೂ ತುಟಿ ಬಿಚ್ಚಲ್ಲ. ಅವರ ವಿಷಯ ತಿಳಿಯೋಕೆ ಉಳಿದ ವರ್ಣತಂತುಗಳನ್ನೂ ಓದಬೇಕು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2009ರಲ್ಲಿ ಹಾಗೆ ಓದಿದಾಗ ಕಂಡದ್ದು ಬೆರಕೆ. ಭಾರತದ ಹೆಚ್ಚುಕಡಿಮೆ ಎಲ್ಲ ಗುಂಪುಗಳೂ ಎರಡು ಹಳೆಯ ಜನಸಮೂಹಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತು ಆದವು ಅಂತ ಅವರು ತೋರಿಸಿದರು. ಇದು ನಮ್ಮ ಮಕ್ಕಳಿಗೆ ಗೊತ್ತಾಗಲೇಬೇಕಾದ ವಿಷಯ, ಜಾಗ ಇದ್ದರೆ ಒಂದು ಸಾಲು ಸೇರಿಸಿ.

ಇನ್ನೊಂದು ಎಚ್ಚರ. "ಮೈಟೊಕಾಂಡ್ರಿಯದ ಈವ್" ಅನ್ನೋದನ್ನು "ಮೊದಲ ಹೆಂಗಸು" ಅಂತ ಬರೆಯಬೇಡಿ. 1987ರಲ್ಲಿ ಬರ್ಕ್ಲಿಯ ಸಂಶೋಧಕರು ಹೇಳಿದ್ದು, ಇವತ್ತಿನ ಎಲ್ಲರ ತಾಯಿ ಸಾಲೂ ಸುಮಾರು ಎರಡು ಲಕ್ಷ ವರ್ಷ ಹಿಂದಿನ ಒಬ್ಬಳಲ್ಲಿ ಕೂಡುತ್ತೆ ಅಂತ. ಆಗ ಬೇರೆ ಹೆಂಗಸರೂ ಇದ್ದರು. ಬರೀ ಗಂಡುಮಕ್ಕಳನ್ನು ಹೆತ್ತವರ ಸಾಲು ಅಲ್ಲಿಗೇ ನಿಂತಿತು, ಅಷ್ಟೇ. "ಸಾಲುತಾಯಿ" ಅಂದರೆ ನಡೆದೀತು.

ಕೊನೆಗೆ ಆ ಕೈಗೊಡಲಿ ಫಲಕ. ಅಂಥ ಕೊಡಲಿಗಳ ಕಾಲ ನಮ್ಮಂಥ ಮನುಷ್ಯರು ಈ ನೆಲಕ್ಕೆ ಬರೋದಕ್ಕಿಂತ ಬಹಳ ಹಿಂದಿನದು. ಕಿಟ್ ಪರೀಕ್ಷೆಯಲ್ಲಿ ಅವರ ಜಾಡು ಸಿಗಲ್ಲ. ಎರಡು ಫಲಕ ಅಕ್ಕಪಕ್ಕ ಇದ್ದಾಗ ಒಂದು ಇನ್ನೊಂದರ ಮುಂದುವರಿಕೆ ಅನ್ನೋ ಹಾಗೆ ಪದ ಬೀಳಬಾರದು.

– ಚಿಕ್ಕಬಳ್ಳಾಪುರದಿಂದ

———

ಕವಲು ಅಂದರೆ ಒಡೆಯುವ ಜಾಗ. ಒಡೆದ ಮೇಲೆ ಹುಟ್ಟಿದ ಗುಂಪಲ್ಲ. ಲ್ಯಾಬಿನವರು ಡಿಎನ್‌ಎ ಓದಲಿ, ಪದವನ್ನು ಪದ ಬಲ್ಲವರಿಗೆ ಬಿಡಲಿ. ಇನ್ನು "ವರ್ಣತಂತು" ಅಂತ ಬರೆದಿದ್ದೀರಿ. ಅದು ಪೂರ್ತಿ ಸಂಸ್ಕೃತ. ಇಂಗ್ಲಿಷ್ ಬೇಡ ಅಂತ ಓಡಿ ಸಂಸ್ಕೃತದ ಮನೆ ಹೊಕ್ಕರೆ ಕನ್ನಡಕ್ಕೇನು ಬಂತು?

– ಮಧುಗಿರಿಯಿಂದ

———

ಮರದ ಕೊಂಬೆಗೂ ಕವಲು ಅಂತಾರೆ ಸಾರ್. "ಆ ಮನೆತನದ ಒಂದು ಕವಲು ಶಿರಾ ಕಡೆ ಹೋಯಿತು" ಅಂತ ಮಾತಾಡೋದನ್ನು ಕೇಳಿಲ್ವಾ? ಅಲ್ಲಿ ಕವಲು ಅಂದರೆ ಜನವೇ.

– ಚಿಕ್ಕಬಳ್ಳಾಪುರದಿಂದ

———

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ತಲೆಬರಹದ "ವಂಶವೃಕ್ಷ" ಯಾರ ಕಣ್ಣಿಗೂ ಬೀಳಲಿಲ್ವಲ್ಲ! ನಮ್ಮ ಕಡೆ ವಂಶವೃಕ್ಷ ಅಂದರೆ ನಾಡಕಚೇರಿ ಕಾಗದ. ಅಪ್ಪ ತೀರಿಕೊಂಡ ಮೇಲೆ ಜಮೀನು ಪೌತಿ ಖಾತೆ ಮಾಡಿಸೋಕೆ ಕೇಳ್ತಾರಲ್ಲ, ಅದು. ಫ್ಲೆಕ್ಸ್ ಮೇಲೆ "ಡಿಎನ್‌ಎಯಿಂದ ವಂಶವೃಕ್ಷ" ಅಂತ ಬರೆದರೆ, ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪಂದಿರು "ಇದನ್ನು ತಹಶೀಲ್ದಾರರು ಒಪ್ಪುತ್ತಾರಾ" ಅಂತ ಮೇಡಂನ ಹಿಡಿದುಕೊಳ್ಳುತ್ತಾರೆ. ಅದನ್ನು ತೆಗೆದುಬಿಡಿ. "ಹಿರೀಕರ ಜಾಡು" ಅಂತ ಮೊದಲ ಪತ್ರದಲ್ಲಿ ನೀವೇ ಬರೆದಿದ್ದೀರಿ. ಅದಕ್ಕಿಂತ ಒಳ್ಳೆ ತಲೆಬರಹ ಬೇಕಾ?

ಮಧುಗಿರಿಯವರಿಗೆ ಒಂದು ಮಾತು. ನಾವು ಗಡಿಯವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡರ ಜೊತೆ ತಮಿಳು, ಉರ್ದು. ಮನೆತನದ ಹೆಸರನ್ನು "ಇಂಟಿಪೇರು" ಅಂತಲೇ ಕೇಳುತ್ತೇವೆ. ಜಿಲ್ಲೆ, ತಾಲ್ಲೂಕು ಇವೆರಡೂ ಅರಬ್ಬಿಯಿಂದ ಪಾರ್ಸಿ ದಾಟಿ ಬಂದವು. ಅವನ್ನು ತೆಗೆದರೆ ನಮ್ಮ ವಿಳಾಸ ಬರೆಯೋಕೆ ಆಗಲ್ಲ. ಬಂದ ಪದ ಬಾಯಲ್ಲಿ ಕೂತರೆ ಅದು ನಮ್ಮದೇ. ಕೊರೊನಾ ಆದಮೇಲೆ "ಸ್ವಾಬ್" ಅಂದರೆ ಹಳ್ಳಿಯ ಅಜ್ಜಿಗೂ ಗೊತ್ತು. ಡಿಎನ್‌ಎ ಹಾಗೇ ಇರಲಿ, ಹ್ಯಾಪ್ಲೋಗ್ರೂಪ್ ಒಂದು ಸಲ ಬರಲಿ, ಅದರ ಪಕ್ಕದಲ್ಲಿ ಕವಲು ಬರಲಿ. ಮಕ್ಕಳು ನಾಳೆ ಕಾಲೇಜಿಗೆ ಹೋದಾಗ ಎರಡೂ ಬೇಕಾಗುತ್ತೆ.

– ಮುಳಬಾಗಿಲಿನಿಂದ

———

> ಬಂದ ಪದ ಬಾಯಲ್ಲಿ ಕೂತರೆ ಅದು ನಮ್ಮದೇ

ಕೂತ ಪದದ ಬಗ್ಗೆ ನನ್ನ ತಕರಾರಿಲ್ಲ. ಕೂರಿಸುವ ಮೊದಲು ಮನೆಯಲ್ಲಿ ಏನಿದೆ ಅಂತ ನೋಡಿ ಅನ್ನುತ್ತಿದ್ದೇನೆ. ಯಾರೂ ನೋಡೋದಿಲ್ಲ. ಹೀಗೇ ನೂರು ಪದ ಸತ್ತವು.

– ಮಧುಗಿರಿಯಿಂದ

———

ಎಲ್ಲರಿಗೂ ತುಂಬಾ ಧನ್ಯವಾದ. ಕೈಗೊಡಲಿ ಫಲಕದಲ್ಲಿ "ಆದಿಮಾನವರು" ಅಂತಲೇ ಇದೆ, "ಪೂರ್ವಜರು" ಅಂತ ಇಲ್ಲ, ಹಾಗಾಗಿ ಅದು ಸರಿ ಇದೆ. ಚಿಕ್ಕಬಳ್ಳಾಪುರದವರ ಪತ್ರ ಹೆಡ್‌ಮಾಸ್ಟರಿಗೆ ಓದಿ ಹೇಳಿದೆ. ಆರ್1ಎ ವಿಷಯ ಕೇಳಿ ಅವರೇ "ಗೋತ್ರ ತೆಗೀರಿ" ಅಂದರು. ಅಂಗಡಿಗೆ ಕಳಿಸುತ್ತಿರುವ ಬರಹ ಇದು:

"ಹಿರೀಕರ ಜಾಡು. ಕೆನ್ನೆಯ ಒಳಗಿಂದ ತೆಗೆದ ಸ್ವಾಬ್‌ನಲ್ಲಿ ನಿಮ್ಮ ಡಿಎನ್‌ಎ ಇರುತ್ತದೆ. ಅದನ್ನು ಓದಿದರೆ ನಿಮ್ಮ ತಾಯಿ ಕವಲು ಯಾವುದು ಎಂದು ತಿಳಿಯುತ್ತದೆ. ಹುಡುಗರಿಗೆ ತಂದೆ ಕವಲೂ ತಿಳಿಯುತ್ತದೆ. ವಿಜ್ಞಾನಿಗಳು ಈ ಕವಲನ್ನು ಹ್ಯಾಪ್ಲೋಗ್ರೂಪ್ ಎನ್ನುತ್ತಾರೆ. ಒಂದೇ ಕವಲಿನವರು ಬೇರೆ ಬೇರೆ ಜಾತಿ, ಭಾಷೆ, ದೇಶಗಳಲ್ಲಿ ಇದ್ದಾರೆ. ಹತ್ತು ತಲೆಮಾರಿನ ಹಿಂದೆ ನಿಮಗೆ 1,024 ಹಿರೀಕರ ಜಾಗಗಳಿವೆ. ಈ ಎರಡು ಕವಲುಗಳು ಅದರಲ್ಲಿ ಇಬ್ಬರ ಕಥೆ ಮಾತ್ರ."

ಮಧುಗಿರಿ ಸಾರ್, ತಾಯ್ಬಳಿ ನನಗೂ ಇಷ್ಟವಾಯಿತು. ಫ್ಲೆಕ್ಸ್ ಮುಂದೆ ನಿಂತು ವಿವರಿಸೋ ಹುಡುಗಿಯರಿಗೆ ಅದನ್ನು ಹೇಳಿಕೊಡುತ್ತೇನೆ.

– ಶಿಕ್ಷಕಿ, ತಿಪಟೂರು

———

ಹೇಳಿಕೊಡಿ ಮೇಡಂ, ೞ ಅಕ್ಷರವನ್ನು ಬೋರ್ಡಿನ ಮೇಲೆ ಒಂದು ಸಲ ಬರೆದೂ ತೋರಿಸಿ. "ತಂದೆ ಕವಲೂ ತಿಳಿಯುತ್ತದೆ" ಅನ್ನೋ ಸಾಲು ಹುಡುಗಿಯರಿಗೆ ಬಾಗಿಲು ಮುಚ್ಚಿದ ಹಾಗಿದೆ. ಅಪ್ಪನೋ ಅಣ್ಣನೋ ಪರೀಕ್ಷೆ ಮಾಡಿಸಿದರೆ ಅವರಿಗೂ ತಿಳಿಯುತ್ತಲ್ಲ, ಅದನ್ನು ಸೇರಿಸಿ. "ವರ್ಣತಂತು" ಬಗ್ಗೆ ನಾಳೆ ಬೇರೆ ಪತ್ರ ಹಾಕುತ್ತೇನೆ.

– ಮಧುಗಿರಿಯಿಂದ