ಅಪ್ಪಾಜಿಯ ಬಾಯಿಲೆಕ್ಕ ತಪ್ಪುತ್ತಿದೆ, ನಿಮ್ಮ ಅನುಭವ ಹೇಳಿ

ಪ್ರಶ್ನೆ: ಅಪ್ಪಾಜಿಗೆ 70 ವರ್ಷ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಮಂಡಿ ಇದೆ. ಹತ್ತು ರೈತರ ಚೀಲ, ತೂಕ, ಹಮಾಲಿ ಎಲ್ಲ ತಲೆಯಲ್ಲೇ ಇಟ್ಟುಕೊಂಡು ಲೆಕ್ಕ ಹೇಳುತ್ತಿದ್ದರು. ಈಗ ನಡುವೆ ತಪ್ಪುತ್ತಾರೆ, ಬೇಜಾರು ಮಾಡಿಕೊಳ್ಳುತ್ತಾರೆ. ಎಡಮೆದುಳು ಸವೆದಿದೆ, ಬಲಮೆದುಳಿಗೆ ಕೆಲಸ ಕೊಡಿ ಅಂತ ಪರಿಚಯದವರು ಹೇಳಿದರು. ಹೌದಾ?

ಉತ್ತರ 1: ಚಿತ್ರದುರ್ಗದಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದೆ. ನನಗೂ ಈಗ 64. ಎಡ ಸವೆಯಿತು, ಬಲಕ್ಕೆ ಕೆಲಸ ಕೊಡಿ ಅನ್ನುವ ಮಾತು ಸರಿಯಲ್ಲಮ್ಮ. ಪದಗಳನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಹಿಡಿದಿಡುವಾಗ ಹರೆಯದವರಲ್ಲಿ ಹಣೆಯ ಹಿಂದಿನ ಎಡಭಾಗ ಜಾಸ್ತಿ ದುಡಿಯುತ್ತದೆ. ಜಾಗ ನೆನಪಿಡಲು ಬಲಭಾಗ. ವಯಸ್ಸಾದವರಲ್ಲಿ ಎರಡೂ ಕಡೆ ಒಟ್ಟಿಗೆ ಕೆಲಸಕ್ಕೆ ಇಳಿಯುವುದು ಹೆಚ್ಚು. ಮೆದುಳು ವಿಜ್ಞಾನಿ ರಾಬರ್ಟೊ ಕಬೇಜಾ 2002ರಲ್ಲಿ ಇದಕ್ಕೆ 'ಹ್ಯಾರಲ್ಡ್' (HAROLD) ಮಾದರಿ ಅಂತ ಹೆಸರಿಟ್ಟರು. ಅದೇ ವರ್ಷದ ಅವರ ತಂಡದ ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. ಅದರಲ್ಲಿ ನೆನಪಿನ ಪರೀಕ್ಷೆ ಚೆನ್ನಾಗಿ ಮಾಡಿದ ಹಿರಿಯರ ಮೆದುಳು ಎರಡೂ ಕಡೆ ಬಳಸಿತ್ತು. ಹಿಂದೆ ಬಿದ್ದ ಹಿರಿಯರದು ಹುಡುಗರ ಹಾಗೆ ಒಂದೇ ಕಡೆಗೆ ಅಂಟಿಕೊಂಡಿತ್ತು.

ನಿಮ್ಮ ಮಂಡಿಯಲ್ಲೇ ನೋಡಿ. ಹರೆಯದ ಹಮಾಲ ಒಬ್ಬನೇ ಚೀಲ ಎತ್ತುತ್ತಾನೆ. ವಯಸ್ಸಾದವರು ಇನ್ನೊಬ್ಬರ ಕೈ ಕರೆಯುತ್ತಾರೆ, ಆದರೂ ಚೀಲ ಲಾರಿ ಸೇರುತ್ತದೆ ಅಲ್ವಾ? ಭಾರ ಜಾಸ್ತಿಯಾದರೆ ಹುಡುಗರೂ ಕರೆಯುತ್ತಾರೆ. ಪೆಟ್ರೀಷಿಯಾ ರಾಯ್ಟರ್-ಲೊರೆಂಜ್ ಮತ್ತು ಕ್ಯಾಥರೀನ್ ಕ್ಯಾಪೆಲ್ ಎಂಬ ಸಂಶೋಧಕರು 2008ರಲ್ಲಿ ವಿವರಿಸಿದ್ದೂ ಇದನ್ನೇ. ಹಿರಿಯರ ಮೆದುಳು ಹಗುರ ಕೆಲಸಕ್ಕೇ ಹೆಚ್ಚಿನ ಕೈ ಕರೆದುಬಿಟ್ಟಿರುತ್ತದೆ. ಭಾರ ಇನ್ನೂ ಏರಿದಾಗ ಕರೆಯಲು ಯಾರೂ ಉಳಿದಿರುವುದಿಲ್ಲ. ಅಪ್ಪಾಜಿ ಮೂರು ರೈತರ ಲೆಕ್ಕ ಸಲೀಸಾಗಿ ಹೇಳಿ ಹತ್ತಕ್ಕೆ ತಪ್ಪಿದರೆ ಕಾರಣ ಇದೂ ಇರಬಹುದು. ಎರಡೂ ಕಡೆ ದುಡಿದರೆ ಯಾವಾಗಲೂ ಲಾಭವೇ ಅಂತಲ್ಲ, ಅದರ ಬಗ್ಗೆ ವಿಜ್ಞಾನಿಗಳಲ್ಲೇ ವಾದವಿದೆ. ಆದರೆ ಒಂದು ಕಡೆಗೆ ಮಾತ್ರ ವ್ಯಾಯಾಮ ಅನ್ನುವುದಕ್ಕೆ ದುಡ್ಡು ಸುರಿಯಬೇಡಿ. ಭಾರ ಒಡೆದು ಕೊಡಿ. ನಾನು ಫೋನ್ ನಂಬರನ್ನೂ ಮೂರು, ಮೂರು, ನಾಲ್ಕು ಅಂತ ಒಡೆದೇ ಹಿಡಿದಿಡುವುದು.

ಉತ್ತರ 2: ನಮ್ಮದು ಬಟ್ಟೆ ಅಂಗಡಿ. ಅಪ್ಪ ಲೆಕ್ಕ ಹಾಕುವಾಗ ನಾನೇ ನಡುವೆ ಬಾಯಿ ಹಾಕುತ್ತಿದ್ದೆ. ಸುಮ್ನೆ ಇರಲು ಕಲಿತೆ. ಒಬ್ಬ ಗಿರಾಕಿಯದು ಮುಗಿದ ತಕ್ಷಣ ಚೀಟಿಯಲ್ಲಿ ಬರೆದಿಡುತ್ತಾರೆ, ಆಮೇಲೆ ಮುಂದಿನವರು. ಈಗ ತಪ್ಪು ಕಡಿಮೆ.

ಉತ್ತರ 3: ಒಂದು ಮಾತು, ಅಕ್ಕ. ನಮ್ಮ ದೊಡ್ಡಪ್ಪ ಮಂಡಕ್ಕಿ ಭಟ್ಟಿ ಕಡೆಯಿಂದ ಮನೆ ದಾರಿಯನ್ನೇ ಮರೆತರು. ವಯಸ್ಸು ಅಂತ ಆರು ತಿಂಗಳು ಸುಮ್ಮನಿದ್ದೆವು. ಕೊನೆಗೆ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರಾ ಕಡಿಮೆ ಬಂತು. ಇಂಜೆಕ್ಷನ್ ಶುರುವಾದ ಮೇಲೆ ಬಹಳ ಸುಧಾರಿಸಿದರು. ಗೊತ್ತಿದ್ದ ದಾರಿ, ಗೊತ್ತಿದ್ದ ಮುಖ ಮರೆತರೆ ಕಾಯಬೇಡಿ, ನರರೋಗ ವೈದ್ಯರಿಗೆ ತೋರಿಸಿ.

ಕೇಳಿದವರು: ದಾರಿ, ಮುಖ ಯಾವುದೂ ಮರೆತಿಲ್ಲ. ಆದರೂ ಈ ವಾರವೇ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಒಬ್ಬೊಬ್ಬ ರೈತರ ಪಟ್ಟಿ ಮುಗಿಸಿಯೇ ಮುಂದಿನದಕ್ಕೆ ಹೋಗಿ ಅಂತ ಅಪ್ಪಾಜಿಗೆ ಹೇಳಿದೆ. ಒಪ್ಪಿದರು.