ಡೇಟಾ ಡೈರೆಕ್ಟರಿ ಬದಲಿಸಿದ ಮೇಲೆ ರಾಕಿ ಲಿನಕ್ಸ್ 9ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ 16 ಶುರುವಾಗುತ್ತಿಲ್ಲ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಗ್ರಂಥಾಲಯದ ಪುಸ್ತಕಪಟ್ಟಿಗಾಗಿ ಹೊಸ ಸರ್ವರ್ ಒಂದರಲ್ಲಿ ರಾಕಿ ಲಿನಕ್ಸ್ 9 ಆಪರೇಟಿಂಗ್ ಸಿಸ್ಟಮ್ ಹಾಕಿ, ಅದರದೇ ಆಪ್‌ಸ್ಟ್ರೀಮ್ ರೆಪೊಸಿಟರಿಯಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ 16ನೇ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡಿದ್ದೇನೆ. ದತ್ತಾಂಶವೆಲ್ಲ ಬೇರೆ ಡಿಸ್ಕಿನಲ್ಲಿರಲಿ ಎಂಬ ಉದ್ದೇಶದಿಂದ, ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿದ ಎರಡನೆಯ ಡಿಸ್ಕನ್ನು /ಪಿಜಿಡೇಟಾ ಎಂಬಲ್ಲಿ ಮೌಂಟ್ ಮಾಡಿ, ಅದರೊಳಗೆ '16' ಎಂಬ ಡೈರೆಕ್ಟರಿ ಮಾಡಿ, ಸಿಸ್ಟಮ್‌ಕಂಟ್ರೋಲ್‌ನ ಎಡಿಟ್ ಆದೇಶದಿಂದ ದತ್ತಾಂಶ ಎಲ್ಲಿದೆ ಎಂದು ಹೇಳುವ ಸರ್ವಿಸ್‌ನ ಪಿಜಿಡೇಟಾ ವೇರಿಯಬಲ್ ಅನ್ನು ಅಲ್ಲಿಗೆ ತಿರುಗಿಸಿದ್ದೇನೆ. ದತ್ತಾಂಶದ ಡೈರೆಕ್ಟರಿಯನ್ನು ಮೊದಲಿಗೆ ಸಜ್ಜುಗೊಳಿಸುವ ಇನಿಟ್‌ಡಿಬಿ ಯಾವ ತಕರಾರೂ ಇಲ್ಲದೆ ಮುಗಿಯಿತು.

ಆದರೆ ಸರ್ವಿಸ್ ಶುರುಮಾಡಿದ ಕೂಡಲೇ ಬಿದ್ದುಹೋಗುತ್ತದೆ. ಸಿಸ್ಟಮ್‌ನ ದಾಖಲೆಯಾದ ಜರ್ನಲ್‌ನಲ್ಲಿ ಡೈರೆಕ್ಟರಿಯನ್ನು ತಲುಪಲಾಗುತ್ತಿಲ್ಲ, 'ಪರ್ಮಿಷನ್ ಡಿನೈಡ್' ಎಂದಷ್ಟೇ ಇದೆ. ಡೈರೆಕ್ಟರಿಯ ಒಡೆತನ ಪೋಸ್ಟ್‌ಗ್ರೆಸ್ ಬಳಕೆದಾರನದೇ ಆಗಿದ್ದು, ಅನುಮತಿ 700 (ಒಡೆಯನಿಗೆ ಮಾತ್ರ ಪ್ರವೇಶ) ಇದೆ. ಮೇಲಿನ /ಪಿಜಿಡೇಟಾದ ಅನುಮತಿ 755 (ಎಲ್ಲರೂ ಓದಬಹುದು, ಒಡೆಯ ಮಾತ್ರ ಬದಲಿಸಬಹುದು). ವಿಚಿತ್ರವೆಂದರೆ, ರೂಟ್‌ನಿಂದ ಪೋಸ್ಟ್‌ಗ್ರೆಸ್ ಬಳಕೆದಾರನಾಗಿ ಬದಲಾಗಿ ಪಿಜಿ_ಸಿಟಿಎಲ್ ಮೂಲಕ ಕೈಯಿಂದಲೇ ಶುರುಮಾಡಿದರೆ ಡೇಟಾಬೇಸ್ ಸರಿಯಾಗಿ ಓಡುತ್ತದೆ. ಬಳಕೆದಾರ ಅದೇ, ಡೈರೆಕ್ಟರಿಯೂ ಅದೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬರುತ್ತಿದೆ ಎಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಮಲೆನಾಡಿಗ

ಕೈಯಿಂದ ಶುರುಮಾಡಿದರೆ ಓಡುತ್ತದೆ, ಸರ್ವಿಸ್ ಆಗಿ ಓಡುವುದಿಲ್ಲ ಎಂಬ ನಿಮ್ಮ ಮಾತಿನಲ್ಲಿಯೇ ಉತ್ತರದ ಬಹುಭಾಗ ಇದೆ. ಫೈಲಿನ ಒಡೆತನ ಮತ್ತು 700, 755 ಎಂಬ ಅಂಕೆಗಳು ಅನುಮತಿಯ ಒಂದು ಪದರ ಮಾತ್ರ. ಅದರ ಮೇಲೆ, ಯಾವ ಪ್ರೋಗ್ರಾಂ ಯಾವ ಫೈಲನ್ನು ಮುಟ್ಟಬಹುದು ಎಂದು ಲೇಬಲ್‌ಗಳನ್ನು ನೋಡಿ ನಿರ್ಧರಿಸುವ ಎಸ್‌ಇಲಿನಕ್ಸ್ ಎಂಬ ಇನ್ನೊಂದು ಪದರವಿದ್ದು, ಎರಡೂ ಒಪ್ಪಿದರೆ ಮಾತ್ರ ಫೈಲು ತೆರೆಯುತ್ತದೆ. ನೀವು ಲಾಗಿನ್ ಆಗಿ ಕೈಯಿಂದ ಶುರುಮಾಡಿದಾಗ ಆ ಪ್ರಕ್ರಿಯೆ ನಿಮ್ಮ ನಿರ್ಬಂಧವಿಲ್ಲದ ಡೊಮೇನ್‌ನಲ್ಲಿಯೇ (ಪ್ರಕ್ರಿಯೆಗೆ ಎಸ್‌ಇಲಿನಕ್ಸ್ ಹಾಕುವ ಗಡಿಯಲ್ಲಿಯೇ) ಉಳಿಯುತ್ತದೆ. ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ಶುರುಮಾಡಿದಾಗ ಅದೇ ಪ್ರೋಗ್ರಾಂ ಪೋಸ್ಟ್‌ಗ್ರೆಸ್‌ಕ್ಯೂಎಲ್_ಟಿ ಎಂಬ ಬಿಗಿಯಾದ ಡೊಮೇನ್‌ಗೆ ಹೋಗುತ್ತದೆ. ಆ ಡೊಮೇನ್ ತನ್ನ ದತ್ತಾಂಶದ ಫೈಲುಗಳಿಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್_ಡಿಬಿ_ಟಿ ಎಂಬ ಲೇಬಲ್ ಇರಬೇಕೆಂದು ನಿರೀಕ್ಷಿಸುತ್ತದೆ. /ವಾರ್/ಲಿಬ್/ಪಿಜಿಎಸ್‌ಕ್ಯೂಎಲ್ ಒಳಗಿನ ಫೈಲುಗಳಿಗೆ ಈ ಲೇಬಲ್ ಎಸ್‌ಇಲಿನಕ್ಸ್‌ನ ನಿಯಮಾವಳಿಯಾದ ಪಾಲಿಸಿಯಲ್ಲಿಯೇ ಬರೆದಿದೆ. ನೀವು ಮಾಡಿದ ಹೊಸ ಮೌಂಟಿನ ಬಗ್ಗೆ ಪಾಲಿಸಿಗೆ ಏನೂ ಗೊತ್ತಿಲ್ಲ.

ಊಹೆಯ ಮೇಲೆ ಏನನ್ನೂ ಬದಲಿಸಬೇಡಿ, ಮೊದಲು ಖಚಿತಪಡಿಸಿಕೊಳ್ಳಿ. ಎಲ್‌ಎಸ್ ಆದೇಶಕ್ಕೆ ದೊಡ್ಡಕ್ಷರದ ಝಡ್ ಆಯ್ಕೆಯನ್ನು ಸೇರಿಸಿ ಡೈರೆಕ್ಟರಿಯನ್ನು ನೋಡಿದರೆ ಲೇಬಲ್ ಕಾಣುತ್ತದೆ. ಬಹುಶಃ ಡಿಫಾಲ್ಟ್_ಟಿ ಅಥವಾ ಅನ್‌ಲೇಬಲ್ಡ್_ಟಿ ಎಂದಿರುತ್ತದೆ. ಆನಂತರ ಸರ್ವಿಸ್ ಅನ್ನು ಇನ್ನೊಮ್ಮೆ ಶುರುಮಾಡಿ, ಎಯುಸರ್ಚ್ ಆದೇಶದಿಂದ ಇತ್ತೀಚಿನ ಎವಿಸಿ (ಎಸ್‌ಇಲಿನಕ್ಸ್ ನಿರಾಕರಣೆಯ) ದಾಖಲೆಗಳನ್ನು ತೆಗೆಸಿ. ನಿರಾಕರಣೆಗೆ ಕಾರಣ ಎಸ್‌ಇಲಿನಕ್ಸ್ ಆಗಿದ್ದರೆ, ಕೇಳಿದವರು ಪೋಸ್ಟ್‌ಗ್ರೆಸ್‌ಕ್ಯೂಎಲ್_ಟಿ ಎಂದೂ, ಗುರಿಯ ಲೇಬಲ್ ಯಾವುದೆಂದೂ ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಆ ಸಾಲನ್ನು ಇಲ್ಲಿ ತಿಳಿಸಿ.

ತುಂಗಾತೀರ

ತಾವು ಹೇಳಿದಂತೆಯೇ ಇದೆ. ದಾಖಲೆಯಲ್ಲಿ ಮೂಲ ಪೋಸ್ಟ್‌ಗ್ರೆಸ್‌ಕ್ಯೂಎಲ್_ಟಿ, ಗುರಿ ಡಿಫಾಲ್ಟ್_ಟಿ, ವರ್ಗ ಡೈರೆಕ್ಟರಿ ಎಂದು ಬಂದಿದೆ. ಪರಿಚಿತರೊಬ್ಬರು, ಎಸ್‌ಇಲಿನಕ್ಸ್ ಅನ್ನು ಪೂರ್ತಿ ಆಫ್ ಮಾಡಿಬಿಡಿ, ಕಾಲೇಜಿನ ಒಳಗಿನ ಸರ್ವರ್‌ಗೆ ಅದೆಲ್ಲ ಬೇಕಿಲ್ಲ ಎನ್ನುತ್ತಾರೆ. ಹಾಗೆ ಮಾಡುವುದು ಸರಿಯೇ?

ಮಲೆನಾಡಿಗ

ಖಂಡಿತ ಬೇಡ. ಇಲ್ಲಿ ಕೆಟ್ಟಿರುವುದು ಒಂದು ಡೈರೆಕ್ಟರಿಯ ಲೇಬಲ್ ಮಾತ್ರ. ಅದಕ್ಕಾಗಿ ಇಡೀ ಸರ್ವರ್‌ನ ಕಾವಲನ್ನು ತೆಗೆಯುವ ಕಾರಣವಿಲ್ಲ. ನಾಳೆ ಡೇಟಾಬೇಸಿನಲ್ಲಿ ಯಾವುದೋ ದೋಷ ಕಂಡುಬಂದು ಹೊರಗಿನವರು ಅದರ ಮೂಲಕ ಒಳಗೆ ಬಂದರೆ, ಅವರ ಕೈ ದತ್ತಾಂಶದ ಡೈರೆಕ್ಟರಿಯಿಂದಾಚೆ ಚಾಚದಂತೆ ತಡೆಯುವುದು ಇದೇ ಡೊಮೇನ್. ಒಳಗಿನ ಸರ್ವರ್‌ಗೂ ಆ ತಡೆ ಬೇಕು. ಅಲ್ಲದೆ ಒಮ್ಮೆ ಪೂರ್ತಿ ಆಫ್ ಮಾಡಿದ ಮೇಲೆ ಹುಟ್ಟುವ ಫೈಲುಗಳಿಗೆ ಲೇಬಲ್ಲೇ ಬರುವುದಿಲ್ಲವಾದ್ದರಿಂದ, ಮುಂದೆ ಮತ್ತೆ ಆನ್ ಮಾಡಬೇಕಾದಾಗ ಇಡೀ ಡಿಸ್ಕಿಗೆ ಲೇಬಲ್ ಹಚ್ಚುವ ಕೆಲಸ ತಲೆಯ ಮೇಲೆ ಬೀಳುತ್ತದೆ. ಪರೀಕ್ಷೆಗಾಗಿ ಸ್ವಲ್ಪ ಹೊತ್ತು ತಡೆಯದೆ ದಾಖಲಿಸುವುದಷ್ಟೇ ಮಾಡುವ ಪರ್ಮಿಸಿವ್ ಸ್ಥಿತಿಗೆ ತರುವುದು ಬೇರೆ ಮಾತು. ನಿಮಗೀಗ ಅದರ ಅಗತ್ಯವೂ ಇಲ್ಲ.

ಸರಿಪಡಿಸಲು ಎರಡೇ ಹೆಜ್ಜೆಗಳು ಸಾಕು. ಪಾಲಿಸಿಕೋರ್‌ಯುಟಿಲ್ಸ್-ಪೈಥಾನ್-ಯುಟಿಲ್ಸ್ ಪ್ಯಾಕೇಜಿನಲ್ಲಿರುವ ಸೆಮ್ಯಾನೇಜ್ ಉಪಕರಣದ ಎಫ್‌ಕಾಂಟೆಕ್ಸ್ಟ್ ಉಪಆದೇಶದಿಂದ, /ಪಿಜಿಡೇಟಾ ಮತ್ತು ಅದರ ಒಳಗಿನ ಎಲ್ಲದಕ್ಕೂ ಪೋಸ್ಟ್‌ಗ್ರೆಸ್‌ಕ್ಯೂಎಲ್_ಡಿಬಿ_ಟಿ ಲೇಬಲ್ ಸಲ್ಲುತ್ತದೆ ಎಂಬ ನಿಯಮವನ್ನು ಸೇರಿಸಿ. ನಿಯಮ ಬರೆದ ಮಾತ್ರಕ್ಕೆ ಈಗಾಗಲೇ ಇರುವ ಫೈಲುಗಳು ಬದಲಾಗುವುದಿಲ್ಲ. ಅದನ್ನು ಹಚ್ಚಲು /ಪಿಜಿಡೇಟಾ ಮೇಲೆ ರಿಸ್ಟೋರ್‌ಕಾನ್ ಅನ್ನು ಒಳಡೈರೆಕ್ಟರಿಗಳೂ ಸೇರುವಂತೆ ಓಡಿಸಬೇಕು. ಸಿಎಚ್‌ಕಾನ್ ಬಳಸಿ ನೇರವಾಗಿ ಲೇಬಲ್ ಬದಲಿಸಿದರೂ ಸರ್ವಿಸ್ ಏಳುತ್ತದೆ, ಆದರೆ ಮುಂದೆ ಯಾರಾದರೂ ರಿಸ್ಟೋರ್‌ಕಾನ್ ಓಡಿಸಿದ ದಿನ ಅದು ಅಳಿಸಿಹೋಗಿ ಇದೇ ದೋಷ ಮರುಕಳಿಸುತ್ತದೆ. ನಿರಾಕರಣೆಯ ದಾಖಲೆಗಳಿಂದ ನಿಯಮ ತಯಾರಿಸುವ ಆಡಿಟ್2ಅಲೋ ಹೇಳುವ ಪರಿಹಾರವನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. ಡಿಫಾಲ್ಟ್_ಟಿ ಲೇಬಲ್ ಇರುವ ಎಲ್ಲ ಜಾಗಕ್ಕೂ ಡೇಟಾಬೇಸಿಗೆ ಪ್ರವೇಶ ಕೊಡುವ ನಿಯಮವನ್ನು ಅದು ಬರೆದುಕೊಡುತ್ತದೆ.

ಅಂದಹಾಗೆ, ಮೌಂಟಿನ ಬುಡವನ್ನೇ ಬಳಸದೆ ಒಳಗೆ '16' ಎಂಬ ಡೈರೆಕ್ಟರಿ ಮಾಡಿಕೊಂಡದ್ದು ಒಳ್ಳೆಯ ನಿರ್ಧಾರ. ಅದರ ಜೊತೆಗೆ ಸರ್ವಿಸ್‌ನ ಅದೇ ಎಡಿಟ್ ಫೈಲಿನಲ್ಲಿ, ಯೂನಿಟ್ ವಿಭಾಗದಡಿ ರಿಕ್ವಯರ್ಸ್‌ಮೌಂಟ್ಸ್‌ಫಾರ್ ಎಂಬ ಸಾಲಿನಲ್ಲಿ /ಪಿಜಿಡೇಟಾವನ್ನು ಹೆಸರಿಸಿ. ಸರ್ವರ್ ರೀಬೂಟ್ ಆದಾಗ ಡಿಸ್ಕ್ ಮೌಂಟ್ ಆಗುವ ಮೊದಲೇ ಡೇಟಾಬೇಸ್ ಏಳಲು ಹೋಗುವುದನ್ನು ಅದು ತಡೆಯುತ್ತದೆ.

ಅಕ್ಷರಸಾಲು

ಮೇಲಿನ ಪರಿಹಾರ ಸರಿಯಾಗಿದೆ. ಪುಸ್ತಕಪಟ್ಟಿ ಕನ್ನಡದ್ದಾಗಿರಬಹುದು ಎಂದುಕೊಂಡು, ದತ್ತಾಂಶ ತುಂಬುವ ಮೊದಲೇ ಗಮನಿಸಬೇಕಾದ ಒಂದು ವಿಷಯವನ್ನು ಸೇರಿಸುತ್ತೇನೆ. ಇನಿಟ್‌ಡಿಬಿ ತನ್ನ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಅನ್ನು ಸರ್ವರ್‌ನ ಲೊಕೇಲ್‌ನಿಂದ, ಅಂದರೆ ಭಾಷೆ-ಪ್ರದೇಶದ ಹೊಂದಿಕೆಯಿಂದ ತೆಗೆದುಕೊಳ್ಳುತ್ತದೆ. ಲೊಕೇಲ್ ಬರಿಯ 'ಸಿ' ಎಂದಿದ್ದರೆ ಎನ್‌ಕೋಡಿಂಗ್ ಎಸ್‌ಕ್ಯೂಎಲ್_ಆಸ್ಕಿ ಆಗುತ್ತದೆ, ಯಾವ ದೋಷಸಂದೇಶವೂ ಬರುವುದಿಲ್ಲ. ಡೇಟಾಬೇಸಿಗೆ ಆದೇಶ ಕೊಡುವ ಪಿಎಸ್‌ಕ್ಯೂಎಲ್‌ನಲ್ಲಿ 'ಕನ್ನಡ' ಎಂಬ ಪದದ ಉದ್ದವನ್ನು ಲೆಂಗ್ತ್ ಫಂಕ್ಷನ್‌ನಿಂದ ಕೇಳಿ ನೋಡಿ. ಯುಟಿಎಫ್-8 ಇದ್ದರೆ 5 ಎಂದು ಬರುತ್ತದೆ: ಕ, ನ, ಹಲಂತದ ಚಿಹ್ನೆ, ನ, ಡ. ಅದರ ಬದಲು 15 ಎಂದು ಬಂದರೆ, ಅದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು ಎಣಿಸುತ್ತಿದೆ ಎಂದರ್ಥ.

ಅಕಾರಾದಿಯ ಮಾತೂ ಇದೆ. 'ಸಿ' ಲೊಕೇಲ್ ಯುನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸುವುದರಿಂದ ಳಕಾರ ವಕಾರಕ್ಕಿಂತ ಮೊದಲು ಬಂದು, 'ಬಳೆ' ಎಂಬ ಪದ 'ಬಸವ'ಕ್ಕಿಂತ ಮೇಲೆ ಕೂರುತ್ತದೆ. ನಮ್ಮ ನಿಘಂಟುಗಳಲ್ಲಿ ಳಕಾರ ಹಕಾರದ ನಂತರ ಬರುತ್ತದೆ. ಗ್ರಂಥಾಲಯದ ಪಟ್ಟಿಯಲ್ಲಿ ಇದು ಸಣ್ಣ ವಿಷಯವಲ್ಲ. ಓದುಗರು ಹುಡುಕುವ ಜಾಗದಲ್ಲಿ ಪುಸ್ತಕವೇ ಸಿಗುವುದಿಲ್ಲ.

ಪಟ್ಟಿ ಇನ್ನೂ ಖಾಲಿ ಇದ್ದರೆ '16' ಡೈರೆಕ್ಟರಿಯ ಒಳಗಿನದನ್ನು ತೆಗೆದು, ಪಿಜಿಸೆಟಪ್_ಇನಿಟ್‌ಡಿಬಿ_ಆಪ್ಷನ್ಸ್ ವೇರಿಯಬಲ್‌ನಲ್ಲಿ ಎನ್‌ಕೋಡಿಂಗ್ ಯುಟಿಎಫ್-8, ಲೊಕೇಲ್ ಪ್ರೊವೈಡರ್ ಐಸಿಯು (ಭಾಷೆಗೆ ತಕ್ಕಂತೆ ಅಕ್ಷರ ಜೋಡಿಸುವ ಯುನಿಕೋಡ್ ಲೈಬ್ರರಿ), ಐಸಿಯು ಲೊಕೇಲ್ ಕನ್ನಡ ಎಂದು ಕೊಟ್ಟು ಇನಿಟ್‌ಡಿಬಿಯನ್ನು ಮತ್ತೆ ನಡೆಸಿ. ಡಿಸ್ಕಿನಲ್ಲಿ ದತ್ತಾಂಶ ಕೆಟ್ಟರೆ ಪತ್ತೆಹಚ್ಚುವ ಡೇಟಾ ಚೆಕ್‌ಸಮ್ ಆಯ್ಕೆಯನ್ನೂ ಆಗಲೇ ಸೇರಿಸಿ, ಏಕೆಂದರೆ 16ನೇ ಆವೃತ್ತಿಯಲ್ಲಿ ಅದು ತಾನಾಗಿ ಆನ್ ಆಗಿರುವುದಿಲ್ಲ.

ತುಂಗಾತೀರ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ರಿಸ್ಟೋರ್‌ಕಾನ್ ಆದ ಮೇಲೆ ಸರ್ವಿಸ್ ಎದ್ದಿತು, ಎಸ್‌ಇಲಿನಕ್ಸ್ ಎನ್‌ಫೋರ್ಸಿಂಗ್ (ನಿಯಮ ಜಾರಿಯಲ್ಲಿರುವ) ಸ್ಥಿತಿಯಲ್ಲಿಯೇ ಇದೆ. ಉದ್ದ ಕೇಳಿದಾಗ 15 ಎಂದೇ ಬಂತು. ಪಟ್ಟಿ ಖಾಲಿಯಿದ್ದುದರಿಂದ ಐಸಿಯು ಆಯ್ಕೆಗಳೊಂದಿಗೆ ಇನಿಟ್‌ಡಿಬಿಯನ್ನು ಮತ್ತೆ ನಡೆಸಿದ್ದೇನೆ, ಈಗ 5 ಎನ್ನುತ್ತಿದೆ. ಕೌಂಟರಿನ ಕಂಪ್ಯೂಟರ್‌ನಿಂದ ಮಾತ್ರ ಸಂಪರ್ಕ ಇನ್ನೂ ಸಿಗುತ್ತಿಲ್ಲ.

ಮಲೆನಾಡಿಗ

ಅದಕ್ಕೆ ಎಸ್‌ಇಲಿನಕ್ಸ್ ಕಾರಣವಲ್ಲ. ಡೇಟಾಬೇಸ್ ಯಾವ ವಿಳಾಸಗಳಲ್ಲಿ ಸಂಪರ್ಕ ಸ್ವೀಕರಿಸಬೇಕೆಂದು ಹೇಳುವ ಲಿಸನ್_ಅಡ್ರೆಸಸ್ ಮೊದಲಿಗೆ ಲೋಕಲ್‌ಹೋಸ್ಟ್, ಅಂದರೆ ಆ ಸರ್ವರ್ ಮಾತ್ರ, ಎಂದೇ ಇರುತ್ತದೆ. ಅಲ್ಲಿ ಸರ್ವರ್‌ನ ಐಪಿಯನ್ನೂ ಸೇರಿಸಿ. ಯಾರು ಎಲ್ಲಿಂದ ಸಂಪರ್ಕಿಸಬಹುದೆಂದು ಹೇಳುವ ಪಿಜಿ_ಎಚ್‌ಬಿಎ ಫೈಲಿನಲ್ಲಿ ಗ್ರಂಥಾಲಯದ ನೆಟ್‌ವರ್ಕಿಗೆ ಮಾತ್ರ ಸ್ಕ್ರಾಮ್-ಶಾ-256 ಎಂಬ ಪಾಸ್‌ವರ್ಡ್ ಪರಿಶೀಲನಾ ವಿಧಾನದ ಸಾಲೊಂದನ್ನು ಬರೆದು, ಫೈರ್‌ವಾಲ್‌ಡಿಯಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಸೇವೆಯನ್ನು ಶಾಶ್ವತವಾಗಿ ತೆರೆದು ರೀಲೋಡ್ ಮಾಡಿ. ಲಿಸನ್_ಅಡ್ರೆಸಸ್ ಬದಲಾದಾಗ ಡೇಟಾಬೇಸ್ ಸರ್ವಿಸ್‌ಗೆ ರೀಲೋಡ್ ಸಾಲದು, ರೀಸ್ಟಾರ್ಟ್ ಬೇಕು.